ಬೀಗ ಮೊದಲೋ, ಕೀಲಿ ಮೊದಲೋ

ಎರಡು ವಾಕ್ಯಗಳನ್ನು ನೋಡಿ. 'ಪ್ರತಿ ಬೀಗಕ್ಕೂ ಒಂದು ಕೀಲಿ ಇದೆ.' 'ಒಂದು ಕೀಲಿ ಇದೆ, ಅದು ಪ್ರತಿ ಬೀಗಕ್ಕೂ ಆಗುತ್ತದೆ.' ಪದಗಳು ಹೆಚ್ಚುಕಡಿಮೆ ಅವೇ. ಆದರೆ ಮೊದಲನೆಯದು ಎಲ್ಲರ ಮನೆಯ ಸಂಗತಿ, ಎರಡನೆಯದು ಕಳ್ಳನ ಕನಸು. 'ಪ್ರತಿ', 'ಎಲ್ಲ', 'ಒಂದು ಇದೆ' ಎಂಬಂಥ ಮಾತುಗಳನ್ನು ತರ್ಕಶಾಸ್ತ್ರದಲ್ಲಿ ಕ್ವಾಂಟಿಫೈಯರ್ ಎನ್ನುತ್ತಾರೆ. ಅವು ಯಾವ ಕ್ರಮದಲ್ಲಿ ಬರುತ್ತವೆ ಎನ್ನುವುದರ ಮೇಲೆ ವಾಕ್ಯದ ಸತ್ಯಾಸತ್ಯ ನಿಂತಿರುತ್ತದೆ. ಇಷ್ಟು ಸರಳವಾದದ್ದನ್ನು ಯಾರು ಮರೆತಾರು ಎಂದು ನಿಮಗೆ ಅನ್ನಿಸಬಹುದು. ಹತ್ತೊಂಬತ್ತನೆಯ ಶತಮಾನದ ಯುರೋಪಿನ ಅತ್ಯಂತ ಚುರುಕಾದ ಗಣಿತಜ್ಞರಿಗೆ ಇದನ್ನು ಬಿಡಿಸಿ ಹೇಳಲು ಸುಮಾರು ಮೂವತ್ತು ವರ್ಷ ಬೇಕಾಯಿತು ಎನ್ನುವುದು ನಾನಿಲ್ಲಿ ಹೇಳಹೊರಟಿರುವ ಕಥೆ.

1821ರಲ್ಲಿ ಆಗಸ್ಟಿನ್ ಲೂಯಿ ಕೋಶಿ ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗಾಗಿ 'ಕೂರ್ ದನಾಲೀಸ್' ಎಂಬ ಪಠ್ಯವನ್ನು ಪ್ರಕಟಿಸಿದ. ಕಲನಶಾಸ್ತ್ರಕ್ಕೆ ಭದ್ರವಾದ ಅಡಿಪಾಯ ಹಾಕಬೇಕು, ಅಂದಾಜಿನ ಮಾತು ಸಾಕು ಎಂಬ ಹಟ ಆ ಪುಸ್ತಕದ್ದು. ಅದರಲ್ಲಿ ಒಂದು ಪ್ರಮೇಯವಿದೆ. ಒಂದು ಶ್ರೇಣಿಯ ಪ್ರತಿ ಪದವೂ ಅವಿಚ್ಛಿನ್ನ ಫಂಕ್ಷನ್ ಆಗಿದ್ದು, ಅಂದರೆ ಅದರ ನಕ್ಷೆ ನಡುವೆ ಎಲ್ಲೂ ಹಾರದೆ ಸಾಗುವಂಥದ್ದಾಗಿದ್ದು, ಆ ಶ್ರೇಣಿ ಅಭಿಸರಿಸಿದರೆ, ಮೊತ್ತವೂ ಅವಿಚ್ಛಿನ್ನವೇ ಆಗಿರುತ್ತದೆ ಎಂಬುದು ಅದರ ಸಾರ. ಓದಿದವರಿಗೆ ಸಹಜವೆನ್ನಿಸುವ ಮಾತು. ನಯವಾದ ಗೆರೆಗಳನ್ನು ಕೂಡಿಸುತ್ತ ಹೋದರೆ ಬಿರುಕು ಎಲ್ಲಿಂದ ಬಂದೀತು?

ಬಿರುಕನ್ನು ತೋರಿಸಿದವನು ನಾರ್ವೆಯ ನೀಲ್ಸ್ ಹೆನ್ರಿಕ್ ಆಬೆಲ್. 1826ರಲ್ಲಿ ಕ್ರೆಲ್ಲೆಯ ಪತ್ರಿಕೆಯ ಮೊದಲ ಸಂಪುಟದಲ್ಲಿ ಬಂದ ಲೇಖನದ ಒಂದು ಅಡಿಟಿಪ್ಪಣಿಯಲ್ಲಿ, ಈ ಪ್ರಮೇಯಕ್ಕೆ ಅಪವಾದಗಳಿರುವಂತೆ ತನಗೆ ತೋರುತ್ತದೆ ಎಂದು ಮೆಲುದನಿಯಲ್ಲಿ ಬರೆದ. ಅವನ ಉದಾಹರಣೆ ಸೈನ್ ಫಂಕ್ಷನ್ನುಗಳ ಶ್ರೇಣಿ: ಕೋನದ ಸೈನ್, ಅದರಿಂದ ಇಮ್ಮಡಿ ಕೋನದ ಸೈನಿನ ಅರ್ಧವನ್ನು ಕಳೆದು, ಮುಮ್ಮಡಿ ಕೋನದ ಸೈನಿನ ಮೂರನೇ ಒಂದು ಭಾಗವನ್ನು ಕೂಡಿಸಿ, ಹೀಗೆ ಮುಂದೆ. ಕೋನವು ಋಣ ಪೈ ಮತ್ತು ಪೈ ನಡುವೆ ಇದ್ದಾಗ ಈ ಮೊತ್ತ ಕೋನದ ಅರ್ಧದಷ್ಟು. ಕೋನ ಸರಿಯಾಗಿ ಪೈ ಆದಾಗ ಪ್ರತಿ ಪದವೂ ಸೊನ್ನೆ, ಮೊತ್ತವೂ ಸೊನ್ನೆ. ಪೈಗೆ ಸ್ವಲ್ಪ ಮುಂಚೆ ಬೆಲೆ ಪೈಯ ಅರ್ಧಕ್ಕೆ ಹತ್ತಿರ, ಸ್ವಲ್ಪ ದಾಟಿದರೆ ಋಣ ಪೈಯ ಅರ್ಧಕ್ಕೆ ಹತ್ತಿರ. ಎಲ್ಲ ಪದಗಳೂ ನಯ, ಮೊತ್ತದಲ್ಲಿ ಮಾತ್ರ ಕಮರಿ. ಆಬೆಲ್ 1829ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡ. ಅಡಿಟಿಪ್ಪಣಿ ಉಳಿಯಿತು.

ಎಡವಟ್ಟು ಎಲ್ಲಿತ್ತು? 'ಶ್ರೇಣಿ ಅಭಿಸರಿಸುತ್ತದೆ' ಎಂಬ ಒಂದೇ ಮಾತಿನಲ್ಲಿ. ಅದನ್ನು ಬಿಡಿಸಿ ಹೇಳಿದರೆ ಎರಡು ಅರ್ಥ ಹೊರಡುತ್ತವೆ. ಒಂದು: ಎಷ್ಟೇ ಸಣ್ಣ ಅಂತರವನ್ನು ಕೇಳಿ, ಪ್ರತಿ ಬಿಂದುವಿಗೂ ಒಂದು ಹಂತವಿದೆ, ಅದನ್ನು ದಾಟಿದ ಮೇಲೆ ಕೂಡಿಸಿದ ಮೊತ್ತವು ನಿಜವಾದ ಮೊತ್ತದಿಂದ ಅಷ್ಟಕ್ಕಿಂತ ದೂರ ಹೋಗುವುದಿಲ್ಲ. ಎರಡು: ಎಷ್ಟೇ ಸಣ್ಣ ಅಂತರವನ್ನು ಕೇಳಿ, ಒಂದು ಹಂತವಿದೆ, ಅದು ಪ್ರತಿ ಬಿಂದುವಿಗೂ ಸಾಕಾಗುತ್ತದೆ. ಮೊದಲನೆಯದರಲ್ಲಿ ಬೀಗಕ್ಕೊಂದು ಕೀಲಿ, ಎರಡನೆಯದರಲ್ಲಿ ಎಲ್ಲ ಬೀಗಕ್ಕೂ ಒಂದೇ ಕೀಲಿ. ಆಬೆಲ್‌ನ ಶ್ರೇಣಿಯಲ್ಲಿ ಪೈಗೆ ಹತ್ತಿರವಾದಷ್ಟೂ ಹೆಚ್ಚು ಹೆಚ್ಚು ಪದಗಳನ್ನು ಕೂಡಿಸಬೇಕು. ಎಲ್ಲಕ್ಕೂ ಸಾಕಾಗುವ ಹಂತ ಸಿಗುವುದೇ ಇಲ್ಲ. ಕೋಶಿಯ ಸಾಧನೆಗೆ ಬೇಕಾದದ್ದು ಎರಡನೆಯ ಅರ್ಥ.

1847ರ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಸ್ಟೋಕ್ಸ್, ಜರ್ಮನಿಯಲ್ಲಿ ಸೈಡೆಲ್ ಬೇರೆಬೇರೆಯಾಗಿ ಈ ವ್ಯತ್ಯಾಸದ ಜಾಡು ಹಿಡಿದರು. ಅವರಿಗಿಂತ ಮೊದಲೇ, 1841ರ ಹಸ್ತಪ್ರತಿಯೊಂದರಲ್ಲಿ ವೈಯರ್‌ಸ್ಟ್ರಾಸ್ 'ಏಕರೂಪ' ಅಭಿಸರಣದ ಮಾತಾಡಿದ್ದ. ಅದು ಅಚ್ಚಾದದ್ದು 1894ರಲ್ಲಿ. 1853ರಲ್ಲಿ ಕೋಶಿಯೇ ಪ್ರಮೇಯಕ್ಕೆ ಮರಳಿ ಬಂದು, 'ಯಾವಾಗಲೂ' ಎಂಬ ಒಂದು ಪದವನ್ನು ಒತ್ತಿ ಸೇರಿಸಿ ಷರತ್ತನ್ನು ಬಿಗಿಮಾಡಿದ. ಅವನು ಪರೀಕ್ಷಿಸಿದ್ದು ಆಬೆಲ್‌ನದನ್ನು ಹೋಲುವ, ಎಲ್ಲ ಪದಗಳನ್ನೂ ಕೂಡಿಸುತ್ತಲೇ ಹೋಗುವ, ಸೊನ್ನೆಯಲ್ಲಿ ಹಾರುವ ಒಂದು ಶ್ರೇಣಿಯನ್ನು. ಅದರಲ್ಲಿ ಸಾವಿರ ಪದ ಕೂಡಿಸಿ 1/1000 ಎಂಬ ಬಿಂದುವಿನಲ್ಲಿ ನೋಡಿದರೆ ಬಾಕಿ ಉಳಿಯುವುದು ಸುಮಾರು 0.62. ಹತ್ತು ಲಕ್ಷ ಪದ ಕೂಡಿಸಿ 1/10,00,000ರಲ್ಲಿ ನೋಡಿದರೂ ಅಷ್ಟೇ ಬಾಕಿ. ಹಂತ ಮುಂದೆ ಹೋದ ಹಾಗೆ ಬಿಂದುವೂ ಸರಿದು ತಪ್ಪಿಸಿಕೊಳ್ಳುತ್ತದೆ.

1821ರ ಕೋಶಿ ತಪ್ಪಿದ್ದನೇ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಅವನ ಅನಂತ ಸೂಕ್ಷ್ಮಗಳನ್ನು ಗಂಭೀರವಾಗಿ ತೆಗೆದುಕೊಂಡರೆ ಪ್ರಮೇಯವನ್ನು ಸರಿಯಾಗಿಯೇ ಓದಬಹುದು ಎಂಬ ದಾರಿಯನ್ನು ಅಬ್ರಹಾಂ ರಾಬಿನ್ಸನ್‌ನ 1966ರ ಪುಸ್ತಕ ತೆರೆಯಿತು. ಯಾರು ಗೆದ್ದರು ಎನ್ನುವುದಕ್ಕಿಂತ ಜಗಳ ಸಾಧ್ಯವಾದದ್ದೇ ನನಗೆ ಮುಖ್ಯವೆನ್ನಿಸುತ್ತದೆ. ವಾಕ್ಯ ಎರಡೂ ಅರ್ಥಕ್ಕೆ ಜಾಗ ಕೊಟ್ಟಿದ್ದರಿಂದಲೇ ಇನ್ನೂರು ವರ್ಷಗಳ ನಂತರವೂ ವಾದ ನಡೆಯುತ್ತಿದೆ.

ಬರಹದ ಈ ತೊಡಕಿಗೆ ಚಿಹ್ನೆಗಳ ಪರಿಹಾರ ತಡವಾಗಿ ಬಂತು. 1879ರಲ್ಲಿ ಫ್ರೇಗೆ ಕ್ರಮ ತಪ್ಪಲು ಅವಕಾಶವೇ ಇಲ್ಲದಂಥ ಲಿಪಿಯೊಂದನ್ನು ಕಟ್ಟಿದ. 1897ರಲ್ಲಿ ಪೆಯಾನೊ 'ಇದೆ' ಎನ್ನುವುದಕ್ಕೆ ರೋಮನ್ 'ಇ' ಅಕ್ಷರವನ್ನು ಹಿಂದುಮುಂದಾಗಿಸಿದ. 1935ರಲ್ಲಿ ಗೆಂಟ್ಸೆನ್ 'ಎಲ್ಲ' ಎನ್ನುವುದಕ್ಕೆ 'ಎ' ಅಕ್ಷರವನ್ನು ತಲೆಕೆಳಗು ಮಾಡಿದ. ಆದರೆ ಗಣಿತವನ್ನು ನಾವು ಇವತ್ತಿಗೂ ಬರೆಯುವುದು ಬಹುಮಟ್ಟಿಗೆ ವಾಕ್ಯಗಳಲ್ಲೇ.

ಕನ್ನಡದಲ್ಲಿ ಗಣಿತ ಬರೆಯುವವರಿಗೂ ಈ ಕಥೆ ಹತ್ತಿರದ್ದು. 'ಎಲ್ಲರೂ ಬಂದಿಲ್ಲ' ಎಂದರೆ ಕೆಲವರು ಬಂದಿದ್ದಾರೆಯೋ, ಯಾರೂ ಬಂದಿಲ್ಲವೋ? 'ಯಾವುದಾದರೂ ಸಂಖ್ಯೆ ಇದ್ದರೆ' ಎಂದಾಗ ಒಂದು ಇದ್ದರೆ ಸಾಕು. 'ಸಂಖ್ಯೆ ಯಾವುದಾದರೂ ಆಗಿರಲಿ' ಎಂದಾಗ ಅದೇ ಪದ ಎಲ್ಲವನ್ನೂ ಹಿಡಿಯುತ್ತದೆ. ಆಡುಮಾತಿನಲ್ಲಿ ದನಿ, ಸಂದರ್ಭ ನಮ್ಮನ್ನು ಕಾಯುತ್ತವೆ. ಸಾಧನೆಯೊಂದನ್ನು ಬರೆಯುವಾಗ ಆ ಕಾವಲು ಇರುವುದಿಲ್ಲ. ಅದಕ್ಕೇ 'ಎಲ್ಲ ಬಿಂದುಗಳಿಗೂ' ಎಂಬುದನ್ನು ಉಪ್ಪಿನಕಾಯಿಯಂತೆ ವಾಕ್ಯದ ಕೊನೆಗೆ ಬಡಿಸಬಾರದು. ಅದರ ಜಾಗ ಮೊದಲೇ ನಿರ್ಧಾರವಾಗಿರಬೇಕು. ಯಾವುದನ್ನು ಮೊದಲು ಆರಿಸಿದ್ದೇವೆ, ಯಾವುದು ಅದನ್ನು ಅವಲಂಬಿಸಿದೆ ಎಂದು ಬರೆದರೆ ಒಂದು ಸಾಲು ಹೆಚ್ಚಾಗಬಹುದು. ಕೋಶಿಯ ಪ್ರಮೇಯಕ್ಕೆ ಬೇಕಾಗಿದ್ದದ್ದೂ ಅಂಥ ಒಂದು ಸಾಲೇ.