ಭೂತಾನ್: ಸಾಂಪ್ರದಾಯಿಕ ಉಡುಪು ಮತ್ತು ಹಬ್ಬಗಳ ರಕ್ಷಣೆಯ ಇತಿಹಾಸ

ಭೂತಾನಿನ ಗಂಡಸರು ತೊಡುವ ಘೋ, ಹೆಂಗಸರು ಉಡುವ ಕಿರಾ 17ನೆಯ ಶತಮಾನದಿಂದ ಎಡೆಬಿಡದೆ ನಡೆದುಬಂದಿವೆ ಎಂದು ಪ್ರವಾಸಿ ಕೈಪಿಡಿಗಳು ಬರೆಯುತ್ತವೆ. ಉಡುಪು ಹಳೆಯದು ಎಂಬುದು ನಿಜ. ಆದರೆ ಇಡೀ ದೇಶಕ್ಕೆ ಅದನ್ನು ಕಡ್ಡಾಯ ಮಾಡಿದ ಕಟ್ಟಳೆ 1989ರದು. ಎರಡನ್ನೂ ಬೆರೆಸಿ ಹೇಳುವುದರಿಂದ ಗೊಂದಲ ಹುಟ್ಟಿದೆ.

1616ರಲ್ಲಿ ಟಿಬೆಟ್ಟಿನಿಂದ ಬಂದ ಲಾಮಾ ಶಬ್ದ್ರುಂಗ್ ನ್ಗವಾಂಗ್ ನಮ್ಗ್ಯಾಲ್ ಚದುರಿಹೋಗಿದ್ದ ಕಣಿವೆಗಳನ್ನು ಒಂದುಗೂಡಿಸಿ, ಕೋಟೆಯೂ ಮಠವೂ ಆದ ಜೋಂಗ್‌ಗಳನ್ನು ಕಟ್ಟಿಸಿದ. ಅವುಗಳೊಳಗಿನ ನಡೆ, ನುಡಿ, ಉಡುಗೆಯ ಕ್ರಮವೇ ದ್ರಿಗ್ಲಾಮ್ ನಮ್ಜಾ. ಟಿಬೆಟ್ಟಿನವರಿಗಿಂತ ಬೇರೆಯಾಗಿ ಕಾಣಬೇಕೆಂದು ಉಡುಪನ್ನೂ ಅವನೇ ಗೊತ್ತುಮಾಡಿದನೆಂಬುದು ಪರಂಪರೆಯ ಹೇಳಿಕೆ. ಘೋ ಎಂದರೆ ಹಿಮ್ಮಡಿ ಮುಟ್ಟುವ ನಿಲುವಂಗಿ. ಅದನ್ನು ಮೊಣಕಾಲಿನವರೆಗೆ ಎತ್ತಿ, ಸೊಂಟಕ್ಕೆ ಕೇರಾ ಎಂಬ ಪಟ್ಟಿಯನ್ನು ಬಿಗಿದರೆ ಮೇಲೆ ದೊಡ್ಡ ಮಡಿಲು ಉಳಿಯುತ್ತದೆ. ಊಟದ ಬಟ್ಟಲು, ಎಲೆಅಡಿಕೆ ಇಡುತ್ತಿದ್ದ ಆ ಮಡಿಲಿನಲ್ಲಿ ಈಗ ಮೊಬೈಲೂ ಇರುತ್ತದೆ. ಜೋಂಗ್ ಹೊಕ್ಕಾಗ ಹೆಗಲಿಗೆ ಕಬ್ನೆ ಎಂಬ ಶಲ್ಯ ಬೇಕೇ ಬೇಕು: ಸಾಮಾನ್ಯರದು ಬಿಳಿ, ದೊರೆಯದು ಹಳದಿ.

1907ರಲ್ಲಿ ಅರಸೊತ್ತಿಗೆ ಬಂತು. 1960ರ ದಶಕದಲ್ಲಿ ಮೋಟಾರು ರಸ್ತೆ, 1974ರಲ್ಲಿ ವಿದೇಶಿ ಪ್ರವಾಸಿಗರು ಬಂದು, ದೇಶ ಹೊರಜಗತ್ತಿಗೆ ತೆರೆದುಕೊಂಡಿತು.

ದಾಖಲೆಗಳು ಹೆಚ್ಚು ತಿಕ್ಕಾಡುವುದು ಮುಂದಿನ ಘಟ್ಟದಲ್ಲಿ. 1989ರ ಜನವರಿಯಲ್ಲಿ ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಅವರ ಆಜ್ಞೆ ದ್ರಿಗ್ಲಾಮ್ ನಮ್ಜಾವನ್ನು ಎಲ್ಲ ಪ್ರಜೆಗಳಿಗೂ ವಿಸ್ತರಿಸಿತು. ಉತ್ತರದ ಚಳಿಗೆ ಹೊಂದುವ ಉಡುಪು ದಕ್ಷಿಣದ ಸೆಕೆನಾಡಿನ ನೇಪಾಳಿ ಮಾತಿನ ಲೋತ್ಶಾಂಪರಿಗೂ ಅನ್ವಯಿಸಿತು; ತಪ್ಪಿದವರಿಗೆ ದಂಡ ಬಿತ್ತು. ಅದೇ ವರ್ಷ ಶಾಲೆಗಳಲ್ಲಿ ನೇಪಾಳಿ ಪಾಠ ನಿಂತಿತು. 1990ರ ಪ್ರತಿಭಟನೆಗಳ ಬಳಿಕ ಲಕ್ಷದಷ್ಟು ಜನ ಪೂರ್ವ ನೇಪಾಳದ ಝಾಪಾ, ಮೊರಂಗ್ ಶಿಬಿರಗಳನ್ನು ಸೇರಿದರು. ಅವರಲ್ಲಿ ಅನೇಕರು ಅಕ್ರಮ ವಲಸಿಗರೆಂದು ಸರ್ಕಾರ ವಾದಿಸಿತು. ನಾವು ಹುಟ್ಟಿದ ನೆಲದಿಂದ ನಮ್ಮನ್ನು ಅಟ್ಟಲಾಯಿತು ಎಂದು ನಿರಾಶ್ರಿತರು ಹೇಳಿದರು. ಉಡುಪಿನ ಕಟ್ಟಳೆಯೊಂದೇ ಇದಕ್ಕೆ ಕಾರಣವೆನ್ನುವುದು ಅವಸರದ ಮಾತು. 1985ರ ಪೌರತ್ವ ಕಾಯಿದೆ ಮತ್ತು 1988ರ ಜನಗಣತಿ 1958ರಲ್ಲಿ ದೇಶದಲ್ಲಿ ನೆಲೆಸಿದ್ದಕ್ಕೆ ಪುರಾವೆ ಕೇಳಿದವು. ಹೆಚ್ಚಿನ ಪೆಟ್ಟು ಅಲ್ಲಿಂದ ಬಿತ್ತು. ಆದರೂ ಸಂಸ್ಕೃತಿ ರಕ್ಷಣೆಯನ್ನು ಹೊಗಳುವ ಬರಹಗಳು ಈ ಅಧ್ಯಾಯವನ್ನು ದಾಟಿಹೋಗುವುದೇ ಹೆಚ್ಚು.

ಟೆಲಿವಿಷನ್ ಮತ್ತು ಇಂಟರ್ನೆಟ್ಟಿಗೆ 1999ರಲ್ಲಿ ಅನುಮತಿ ಸಿಕ್ಕಿತು. 2008ರ ಸಂವಿಧಾನ ಸಂಸ್ಕೃತಿಯ ಪಾಲನೆಯನ್ನು ಸರ್ಕಾರದ ಹೊಣೆಯಾಗಿಸಿತು. ಅದೇ ವರ್ಷ ಪೂರ್ವ ಭೂತಾನಿನ ದ್ರಾಮೆತ್ಸೆಯ ಡೋಲು ಕುಣಿತ ಯುನೆಸ್ಕೊ ಪಟ್ಟಿಯಲ್ಲಿ ಸೇರಿತು. ಇನ್ನು ಬೌದ್ಧ ಗುರು ಪದ್ಮಸಂಭವನ ಗೌರವಾರ್ಥ ನಡೆಯುವ ತ್ಸೇಚು ಹಬ್ಬಗಳಿಗೆ ಕಟ್ಟಳೆಯ ಆಸರೆ ಅಷ್ಟಾಗಿ ಬೇಕಾಗಲಿಲ್ಲ. ಊರ ಜನರ ಭಕ್ತಿಯ ಜೊತೆಗೆ ಈಗ ಪ್ರವಾಸಿಗರ ಹಣವೂ ಇದೆ. ಪಾರೋ ಕಣಿವೆಯ ತ್ಸೇಚುವಿನಲ್ಲಿ ಕೊನೆಯ ದಿನ ನಸುಕಿನಲ್ಲಿ ಬಿಚ್ಚುವ ತೊಂಗ್ದ್ರೆಲ್ ಎಂಬ ಬೃಹತ್ ಪಟವನ್ನು ಬಿಸಿಲು ತಾಗುವ ಮೊದಲೇ ಸುತ್ತಿಡುತ್ತಾರೆ.

ಉಡುಪಿನ ಬಿಗಿ ಕ್ರಮೇಣ ಸಡಿಲಗೊಂಡಿದೆ. ಜೋಂಗ್, ಸರ್ಕಾರಿ ಕಚೇರಿ, ಶಾಲೆಗಳಲ್ಲಿ ಅದು ಕಡ್ಡಾಯ. ಉಳಿದ ಹೊತ್ತಿನಲ್ಲಿ ರಾಜಧಾನಿ ಥಿಂಫುವಿನ ಯುವಜನರು ಜೀನ್ಸ್ ತೊಡುತ್ತಾರೆ. ಇಡೀ ಮೈ ಸುತ್ತುವ ಕಿರಾದ ಜಾಗಕ್ಕೆ ಲಂಗದಂಥ ಅರ್ಧ ಕಿರಾ ಬಂದಿದೆ. ಲುಂಟ್ಸೆಯ ಖೋಮಾ ಹಳ್ಳಿಯ ಹೆಂಗಸರು ಸೊಂಟಮಗ್ಗದಲ್ಲಿ ತಿಂಗಳುಗಟ್ಟಲೆ ನೇಯುವ ರೇಷ್ಮೆಯ ಕಿಶುತಾರಾ ಹಬ್ಬ, ಮದುವೆಗಳ ಬಟ್ಟೆ. ದಿನಬಳಕೆಗೆ ಅದೇ ಚಿತ್ತಾರವನ್ನು ಹೋಲುವ, ಭಾರತದ ಗಿರಣಿಗಳ ಅಗ್ಗದ ಬಟ್ಟೆ ಬರುತ್ತದೆ. ಘೋ, ಕಿರಾ ಇರಲೇಬೇಕೆನ್ನುವ ಕಟ್ಟಳೆ, ಅದು ಕೈಮಗ್ಗದ್ದೇ ಆಗಬೇಕೆಂದು ಹೇಳುವುದಿಲ್ಲ.