‘ಬ್ರೆಡ್‌ಲೈನ್’: ಬೀದಿಯ ಸಾಲೊಂದು ನುಡಿಗಟ್ಟಾದ ಕಥೆ

ಮಕ್ಕಳೇ, ‘ಲಿವಿಂಗ್ ಆನ್ ದ ಬ್ರೆಡ್‌ಲೈನ್’ ಎಂಬ ಮಾತನ್ನು ಸುದ್ದಿಯಲ್ಲೋ ಪಾಠದಲ್ಲೋ ಕೇಳಿರಬಹುದು. ಹೊತ್ತಿನ ಊಟಕ್ಕೂ ಕಷ್ಟವಿರುವ ಬಡತನದಲ್ಲಿ ಬದುಕುವುದು ಎಂದು ಇದರ ಅರ್ಥ. ಈ ‘ಲೈನ್’ ಕಾಗದದ ಮೇಲೆ ಎಳೆದ ಗೆರೆಯಾಗಿರಲಿಲ್ಲ. ಬೀದಿಯಲ್ಲಿ ನಿಂತ ಜನರ ಸಾಲಾಗಿತ್ತು.

1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಫ್ಲೈಶ್‌ಮನ್ ಕುಟುಂಬದವರ ವಿಯೆನ್ನಾ ಶೈಲಿಯ ಬ್ರೆಡ್ಡು ಹೆಸರು ಮಾಡಿತು. ಮುಂದೆ ಲೂಯಿ ಫ್ಲೈಶ್‌ಮನ್ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ಗ್ರೇಸ್ ಚರ್ಚಿನ ಪಕ್ಕದಲ್ಲಿ, ಬೇಕರಿ ನಡೆಸಿದರು. ಮಾರಾಟವಾಗದೆ ಉಳಿದ ಬ್ರೆಡ್ಡನ್ನು ನಡುರಾತ್ರಿಯ ಹೊತ್ತಿಗೆ ಹಸಿದವರಿಗೆ ಹಂಚುತ್ತಿದ್ದರು. ಚಳಿಯಲ್ಲೂ ಜನ ಸಾಲುಗಟ್ಟಿ ಕಾಯುತ್ತಿದ್ದರು. ಆ ಸಾಲಿಗೇ ‘ಬ್ರೆಡ್‌ಲೈನ್’ ಎಂಬ ಹೆಸರು ಬಿತ್ತು.

1929ರಲ್ಲಿ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಶುರುವಾಯಿತು. 1933ರ ಹೊತ್ತಿಗೆ ಅಮೆರಿಕದ ದುಡಿಯುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಊರೂರಿನಲ್ಲೂ ಇಂಥ ಸಾಲುಗಳು ಬೆಳೆದವು. ನಿನ್ನೆಯವರೆಗೆ ಸಂಬಳ ತರುತ್ತಿದ್ದವರೂ ಕೋಟು, ಟೋಪಿ ತೊಟ್ಟು ತಲೆತಗ್ಗಿಸಿ ನಿಂತರು. ವಾಷಿಂಗ್ಟನ್ನಿನ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸ್ಮಾರಕದಲ್ಲಿ ಹಾಗೆ ನಿಂತ ಐವರ ಕಂಚಿನ ಪ್ರತಿಮೆಗಳಿವೆ. ಅವನ್ನು ಮಾಡಿದವರು ಶಿಲ್ಪಿ ಜಾರ್ಜ್ ಸೀಗಲ್.

ಇಂದು ಈ ಮಾತು ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿದೆ. ಅಲ್ಲಿ ನಿಜವಾದ ಸಾಲು ಮರೆಯಾಗಿ, ‘ಬಿಲೋ ದ ಬ್ರೆಡ್‌ಲೈನ್’ ಎಂದರೆ ನಾವು ಹೇಳುವ ‘ಬಡತನದ ರೇಖೆಗಿಂತ ಕೆಳಗೆ’ ಎಂಬಂತಾಗಿದೆ. “ಅಪ್ಪನ ಕೆಲಸ ಹೋಗಿ ಆ ಮನೆಯವರು ಬ್ರೆಡ್‌ಲೈನಿಗೆ ಬಂದರು” ಎಂದರೆ ಸರಿ. ಈ ತಿಂಗಳು ಹೊಸ ಗೇಮ್ ಕೊಳ್ಳಲಾಗಲಿಲ್ಲ ಎಂಬುದಕ್ಕೆ ಇದು ಹೊಂದುವುದಿಲ್ಲ.

ಅದೇ 1876ರಿಂದ 78ರವರೆಗೆ ನಮ್ಮ ಮೈಸೂರು ಸೀಮೆಯನ್ನು ಭೀಕರ ಬರ ಕಾಡಿತು. ಹಿರಿಯರು ಅದನ್ನು ಸಂವತ್ಸರಗಳ ಹೆಸರಿನಿಂದ ‘ಧಾತು–ಈಶ್ವರ ಬರ’ ಎಂದು ಕರೆದರು. ಲಕ್ಷಾಂತರ ಜನ ಸತ್ತರು. ಹಸಿವಿಗೆ ನಮ್ಮಲ್ಲೂ ಮಾತುಗಳಿವೆ: ‘ಹೊಟ್ಟೆಗೆ ತಣ್ಣೀರು ಬಟ್ಟೆ’ ಎಂದರೆ ಉಪವಾಸ. ನೆರೆ, ಬರ ಬಂದಾಗ ಊಟ ಹಾಕುವ ಜಾಗಕ್ಕೆ ಇಂದಿಗೂ ‘ಗಂಜಿ ಕೇಂದ್ರ’ ಎನ್ನುತ್ತೇವೆ. ಅವರದು ಬ್ರೆಡ್ಡು, ನಮ್ಮದು ಗಂಜಿ; ಹಸಿವು ಒಂದೇ.

ನೀವಿರುವ ಊರಿನ ಫುಡ್ ಬ್ಯಾಂಕಿನ ಮುಂದೆ ಸಾಲು ಕಂಡರೆ, ಅಲ್ಲಿ ನಿಂತವರನ್ನು ಹಗುರವಾಗಿ ನೋಡಬೇಡಿ. ಮುಂದಿನ ಬಾರಿ ಊರಿಗೆ ಫೋನ್ ಮಾಡಿದಾಗ, ಬರಗಾಲದಲ್ಲಿ ಏನು ಉಣ್ಣುತ್ತಿದ್ದರು ಎಂದು ಅಜ್ಜ–ಅಜ್ಜಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ.