ಎರೆಸೀಮೆಯಲ್ಲಿ ರಾಜಯಕ್ಷ್ಮದ ದಂಡಯಾತ್ರೆ

ನರಗುಂದದ ಗುಡ್ಡದ ನೆತ್ತಿಯ ಕೋಟೆ ಕಂಡ ಮುತ್ತಿಗೆಗಳ ವೃತ್ತಾಂತ ನಮಗೆ ಪಿತ್ರಾರ್ಜಿತ. 1785ರಲ್ಲಿ ಅದು ಟಿಪ್ಪುವಿನ ಸೈನ್ಯಕ್ಕೆ ಶರಣಾಯಿತು. 1787ರ ಗಜೇಂದ್ರಗಡದ ಒಪ್ಪಂದದಿಂದ ಮತ್ತೆ ಮರಾಠರ ಪಾಲಾಯಿತು. 1858ರಲ್ಲಿ ಸುರಿಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್‌ಸನ್ನನ ವಧೆಯಾದ ಕೆಲವೇ ದಿನಗಳಲ್ಲಿ ಕೋಟೆಯ ಕಾವಲು ಚದುರಿ, ನರಗುಂದದ ಅರಸ ಬಾಬಾಸಾಹೇಬ ಭಾವೆಯವರು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಪೇಶ್ವೆಗಳು ಅಳಿದರು, ಕಂಪನಿ ಸರ್ಕಾರವೂ ಅಳಿಯಿತು. ಅಳಿಯದೆ ಉಳಿದದ್ದು ಇನ್ನೊಂದು ಪ್ರಭುತ್ವ: ದಕ್ಷನ ಶಾಪದಿಂದ ಚಂದ್ರನನ್ನೇ ಕೃಶಗೊಳಿಸಿತೆಂದು ಪುರಾಣ ಹೇಳುವ, ವೈದ್ಯಶಾಸ್ತ್ರ ರಾಜಯಕ್ಷ್ಮವೆಂದು ಕರೆದ ಕ್ಷಯ.

1882ರಲ್ಲಿ ರಾಬರ್ಟ್ ಕಾಖ್ ಈ ವೈರಿಯ ಮುಖವನ್ನು ಲೋಕಕ್ಕೆ ತೋರಿಸಿದ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತಾಗ ಜಯಭೇರಿ ಮೊಳಗಿತು. ಆದರೆ ಒಂಟಿ ಔಷಧಿಗೆ ಜಗ್ಗದ ಕ್ರಿಮಿಗಳು ಬದುಕುಳಿದು ವಂಶ ಬೆಳೆಸಿದವು. ಔಷಧಿಗಳನ್ನು ಕೂಡಿಸಿಯೇ ಕೊಡಬೇಕು, ಅವಧಿ ತುಂಬುವವರೆಗೆ ನಿಲ್ಲಿಸಬಾರದು ಎಂಬ ಪಾಠ ಅಂದೇ ಸಿದ್ಧವಾಯಿತು. ಆ ಪಾಠವನ್ನು ಹಳ್ಳಿಯ ಸಾಮಾನ್ಯ ಆಸ್ಪತ್ರೆಗೆ ತಲುಪಿಸುವ ಜಿಲ್ಲಾ ಯೋಜನೆಯನ್ನು ಭಾರತಕ್ಕೆ ರೂಪಿಸಿಕೊಟ್ಟದ್ದು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಕನ್ನಡನಾಡಿನ ಕೀರ್ತಿಯನ್ನು ಎಣಿಸುವಾಗ ಶಾಸನ, ದೇಗುಲಗಳ ಸಾಲಿನಲ್ಲಿ ಇದನ್ನೂ ಎಣಿಸಬೇಕೆಂಬುದು ನನ್ನ ದೃಢ ಮತ.

ಮುಂದೆ ಕ್ಷಯಕ್ಕೆ ಒದಗಿದ್ದು ಹೊಸ ಮೈತ್ರಿ. ದೇಶದಲ್ಲಿ ಮೊದಲ ಬಾರಿಗೆ 1986ರಲ್ಲಿ ಚೆನ್ನೈನಲ್ಲಿ ಗುರುತಿಸಲ್ಪಟ್ಟ ಎಚ್‌ಐವಿ, ರಕ್ತದ ಸಿಡಿ4 ಕಣಗಳನ್ನು, ಅಂದರೆ ದೇಹದುರ್ಗದ ಕಾವಲುಭಟರನ್ನು, ಒಬ್ಬೊಬ್ಬರನ್ನಾಗಿ ಕೆಡವುತ್ತದೆ. ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ ಕ್ಷಯ ಆಗ ಬಾಗಿಲು ಮುರಿದು ಹೊರಬರುತ್ತದೆ. ದಕ್ಷಿಣ ಆಫ್ರಿಕಾದ ತುಗೇಲಾ ಫೆರಿಯಲ್ಲಿ 2005–06ರಲ್ಲಿ ಬಹುತೇಕ ಎಲ್ಲ ಔಷಧಿಗಳನ್ನೂ ಮೀರಿದ ಕ್ಷಯ ತಗುಲಿದ 53 ಜನರಲ್ಲಿ 52 ಮಂದಿ ಮಡಿದರು. ಅವರಲ್ಲಿ ಎಚ್‌ಐವಿ ಪರೀಕ್ಷೆಯಾದ ಎಲ್ಲರಲ್ಲೂ ಆ ಸೋಂಕಿತ್ತು. ದೇಶದಲ್ಲಿ ಎಚ್‌ಐವಿ ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದರಿಂದ, ಉತ್ತರದ ಜಿಲ್ಲೆಗಳು ಆ ಭಾರವನ್ನು ಹೆಚ್ಚು ಹೊತ್ತಿದ್ದರಿಂದ, ಆ ವಾರ್ತೆ ನಮಗೆ ದೂರದೇಶದ್ದಾಗಿರಲಿಲ್ಲ.

ಈ ಯುದ್ಧದ ಕ್ರೌರ್ಯವಿರುವುದು ಸಣ್ಣ ಸಂಗತಿಗಳಲ್ಲಿ. ಎಚ್‌ಐವಿ ಇದ್ದವರ ಕಫದಲ್ಲಿ ಕ್ರಿಮಿಗಳು ಬಹಳ ಕಡಿಮೆ. ಸೂಕ್ಷ್ಮದರ್ಶಕದಡಿ ಗಾಜಿನ ಪಟ್ಟಿ ಶುದ್ಧವಾಗಿಯೇ ಕಾಣುತ್ತಿತ್ತು, ಇತ್ತ ರೋಗಿ ಸವೆಯುತ್ತಿದ್ದ. ಸಿಬಿನಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಕ್ಷಯವನ್ನೂ ಅದರ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಅದು ತೋರುವ ಪ್ರತಿರೋಧವನ್ನೂ ಒಟ್ಟಿಗೆ ಹೇಳಿದಾಗ ಆ ಕುರುಡುತನ ನೀಗಿತು. ಎಚ್‌ಐವಿಯ ಉಚಿತ ಗುಳಿಗೆ 2004ರ ಏಪ್ರಿಲ್‌ನಲ್ಲಿ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ದೊರೆಯತೊಡಗಿತು. ಆದರೆ ರಿಫಾಂಪಿಸಿನ್ ಆ ಗುಳಿಗೆಗಳಲ್ಲಿ ಕೆಲವುಗಳ ಬಲವನ್ನು ಕುಗ್ಗಿಸುತ್ತದೆ. ಅವುಗಳಲ್ಲೊಂದಾದ ಡಾಲುಟೆಗ್ರಾವಿರ್ ನುಂಗುವವರಿಗೆ ಅದನ್ನು ದಿನಕ್ಕೆ ಎರಡು ಸಲ ಕೊಡಬೇಕಾಗುತ್ತದೆ. ರಿಫಾಂಪಿಸಿನ್ನೇ ಸೋತಾಗ ಹಳೆಯ ಚಿಕಿತ್ಸೆ ಎರಡು ವರ್ಷದ್ದು; ಅದರ ಕ್ಯಾನಮೈಸಿನ್ ಸೂಜಿಯಿಂದ ಜೀವ ಉಳಿದರೂ ಕಿವಿ ಹೋದವರಿದ್ದರು. ಮಳೆ ಕೈಕೊಟ್ಟ ವರ್ಷ ರೋಣ, ಗಜೇಂದ್ರಗಡಗಳ ಹಳ್ಳಿಗಳಿಂದ ಗೋವಾ, ಮಂಗಳೂರಿಗೆ ಗುಳೆ ಹೊರಡುವವರಿಗೆ ಎರಡು ವರ್ಷ ಒಂದೇ ಆಸ್ಪತ್ರೆಯ ಬಾಗಿಲು ಕಾಯುವುದು ಹೇಗೆ ಸಾಧ್ಯ? ಅಲ್ಲಿ ಗುಳಿಗೆ ತಪ್ಪುತ್ತಿತ್ತು, ವೈರಿ ಬಲಿಯುತ್ತಿತ್ತು. ಅದನ್ನು ರೋಗಿಯ ಅಪರಾಧವೆಂದು ಬರೆದ ಇತಿಹಾಸ ಅನ್ಯಾಯದ ಇತಿಹಾಸ.

ರಿಫಾಂಪಿಸಿನ್ ಸೋತ ಇಂಥ ಕ್ಷಯಕ್ಕೆ 2024ರಲ್ಲಿ ಭಾರತ ಅಂಗೀಕರಿಸಿದ ಬಿಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್‌ಗಳ ನಾಲ್ಮಡಿ ಚಿಕಿತ್ಸೆ ಆರು ತಿಂಗಳದ್ದು, ಸೂಜಿಯಿಲ್ಲದ್ದು. ಮುಂಗಾರಿನ ಬಿತ್ತನೆಗೆ ಆರಂಭಿಸಿದರೆ ಹಿಂಗಾರಿ ಕಡಲೆ ಹೂಬಿಡುವ ವೇಳೆಗೆ ಮುಗಿಯುತ್ತದೆ. ನಡುವೆ ದುಡಿಯಲು ಹೊರಟವರಿಗೆ ನರಗುಂದದಲ್ಲೇ ಮುಂದಿನ ತಿಂಗಳ ಗುಳಿಗೆ ಕೈಗೆ ಸಿಗಬೇಕು. ಅವರು ಗೋವಾದ ಬಸ್ಸಿಳಿಯುವ ಮೊದಲೇ ಅವರ ದಾಖಲೆ ಕ್ಷಯರೋಗಿಗಳ ವಿವರವಿಡುವ ಸರ್ಕಾರದ ನಿಕ್ಷಯ್ ಜಾಲದ ಮೂಲಕ ಅಲ್ಲಿನ ಆಸ್ಪತ್ರೆಗೆ ತಲುಪಿರಬೇಕು.